ಬಾಳವ್ವನ ಪಾಲಿನ ಮಣ್ಣು

ಮಾಗಿಯ ಚಳಿ ಮಮದಾಪುರದ ಮನೆಗಳಿಗೆಲ್ಲ ಬಾಗಿಲಿನಿಂದ ಬಂದರೆ ಬಾಳವ್ವನ ಮನೆಗೆ ಮಾಳಿಗೆಯಿಂದಲೇ ಇಳಿಯುತ್ತಿತ್ತು. ಜಂತಿಗಳ ಮೇಲೆ ಮೊಳದಷ್ಟು ದಪ್ಪ ಇರಬೇಕಾದ ಸವಳು ಮಣ್ಣು ಮಳೆಗೆ ತೊಳೆದುಹೋಗಿ ಗೇಣಿಗೆ ಬಂದಿತ್ತು. ಒಂದು ಮೂಲೆಯಲ್ಲಂತೂ ಮಣ್ಣಿನಡಿಗೆ ಹಾಸಿದ ತೊಗರಿಕಟ್ಟಿಗೆಯೇ ಹಲ್ಲು ಕಿರಿಯುತ್ತಿತ್ತು. ಆ ಮೂಲೆಯ ಕೆಳಗೇ ಬಾಣಂತಿ ಕೋಣೆ. ಅಮಾವಾಸ್ಯೆ ಕಳೆದರೆ ಮಗಳು ಸೀತವ್ವ ಚೊಚ್ಚಲ ಹೆರಿಗೆಗೆ ಮೂಡಲಗಿಯಿಂದ ಬರಬೇಕು. "ಮ್ಯಾಳಗಿ ಸರಿ ಇಲ್ಲಂದ್ರ ಹುಡುಗಿ ಇಲ್ಲೇ ಇರ್ಲಿ, ಕೂಸಿಗೆ ಥಂಡಿ ಹತ್ತೀತು" ಎಂದು ಬೀಗತಿ ಹೇಳಿ ಕಳಿಸಿದ್ದಳು. ಚೊಚ್ಚಲ ಬಾಣಂತನ ಮಾಡದ ತವರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮಾಳಿಗೆಗೆ ಮಣ್ಣು ಹಾಕುವುದು ಒಬ್ಬರ ಕೆಲಸವಲ್ಲ. ಅದು ಓಣಿಯ ಮುಯ್ಯಿ. ಇಂದು ನಿಮ್ಮ ಮನೆಗೆ ನಾನು ಬುಟ್ಟಿ ಹೊತ್ತರೆ ನಾಳೆ ನಮ್ಮ ಮನೆಗೆ ನೀವು. ಮನೆಗೊಂದು ಆಳು ಬರಬೇಕು, ಹಳ್ಳದ ಆಚೆಯಿಂದ ಬಂಡಿಯಲ್ಲಿ ಸವಳು ತರಬೇಕು, ಹಾಕಿ ತುಳಿಯಬೇಕು, ಹುಗ್ಗಿ ಉಂಡು ಏಳಬೇಕು. ಗಂಡ ತೀರಿದ ಮೇಲೂ ಬಾಳವ್ವ ಯಾರ ಮಾಳಿಗೆಗೂ ತಪ್ಪಿದವಳಲ್ಲ. ಕತ್ತು ಸೊಟ್ಟಗಾದರೂ ತಲೆಯ ಮೇಲಿನ ಸಿಂಬಿ ಸೊಟ್ಟಗಾಗದಂತೆ ಹೊತ್ತಿದ್ದಳು.

ಈ ವರ್ಷ ತನ್ನ ಪಾಳಿ ಎಂದು ಕರೆಯಲು ಹೋದಳು. ಮೊದಲು ವೀರಪ್ಪನ ಮನೆ. ಹುಕ್ಕೇರಿ ಕಚೇರಿಗೆ ಹೋಗಿ ಬಂದು ಮಾಡಿ ನಾಲ್ಕು ದೊಡ್ಡ ಮಾತು ಕಲಿತಿದ್ದ ವೀರಪ್ಪ, ಬೇಸಿಗೆಯಲ್ಲಿ ಹಳೆಯ ಮಾಳಿಗೆ ಕೀಳಿಸಿ ಗೋಕಾಕದಿಂದ ತಗಡು ತಂದು ಹೊದಿಸಿದ್ದ. ಓಣಿಯ ಉಳಿದವರೂ ತಗಡು ಹೊದಿಸಿ ಅವನ ಹಿಂದೆ ಕುರಿಯಂತೆ ಹೋಗಿದ್ದರು. ಕುರಿಗಾದರೂ ಮೈಮೇಲೆ ಉಣ್ಣೆ ಇರುತ್ತದೆ.

"ಅಕ್ಕಾ, ಮುಯ್ಯಿ ಅಂದ್ರ ಕೊಟ್ಟು ತೊಗೊಳ್ಳೂದು" ಎಂದ ವೀರಪ್ಪ, ಶಲ್ಯ ಸರಿಪಡಿಸಿಕೊಳ್ಳುತ್ತ. "ನಮಗಿನ್ನ ಮಣ್ಣ ಬೇಕಾಗಿಲ್ಲ. ತೊಗೊಳ್ಳೂದ ಇಲ್ಲಂದ್ಮ್ಯಾಲ ಕೊಡೂದು ಯಾಕ?"

"ಇಷ್ಟು ವರ್ಷ ತೊಗೊಂಡಿದ್ದಕ್ಕ?"

"ಅದು ಹಳೇ ಕಾಲದ್ದಾತು. ಈಗ ಸುಧಾರಣಾ ಬಂದೈತಿ."

"ತೊಗೊಳ್ಳುವಾಗ ಬರಲಿಲ್ಲ, ಕೊಡೂ ಹೊತ್ತಿಗೆ ಬಂತು. ಭಾಳ ಶಾಣ್ಯಾ ಐತಿ ನಿನ್ನ ಸುಧಾರಣಾ."

ಉಳಿದ ಮನೆಗಳಲ್ಲೂ ಅದೇ ಪಾಠ. ಹೇಳುವ ಬಾಯಿ ಬೇರೆ, ಆಡಿದ ನಾಲಗೆ ವೀರಪ್ಪನದೇ. ತಿರುಗಿ ಬರುವಾಗ ವೀರಪ್ಪನ ಹಿತ್ತಲಿನ ಮೂಲೆಯಲ್ಲಿ ಅವನ ಹಳೆಯ ಮಾಳಿಗೆಯ ಮಣ್ಣು ಗುಡ್ಡೆಯಾಗಿ ಬಿದ್ದದ್ದು ಕಂಡಿತು. ಮನೆಯ ಮುಂದೆ ಕಟ್ಟೆ ಕಟ್ಟಿಸಿ, ಅದರ ಮೇಲೆ ಕೂತು ಬಂದವರಿಂದ ನಮಸ್ಕಾರ ಹೊಡೆಸಿಕೊಳ್ಳಲು ಇಟ್ಟುಕೊಂಡಿದ್ದನಂತೆ. ಬಾಳವ್ವ ಅಲ್ಲೇ ನಿಂತಳು. ಒಳಗಿದ್ದ ಸಿಟ್ಟಿಗೆ ಅಷ್ಟು ಹೊತ್ತಿಗೆ ದಾರಿ ಸಿಕ್ಕಿತು.

ಮರುದಿನ ಬೆಳಿಗ್ಗೆ ಬುಟ್ಟಿ, ಸಲಿಕೆ ಹಿಡಿದು ಅದೇ ಹಿತ್ತಲಿಗೆ ಹೋದಳು. ಓಣಿಯ ತಗಡಿನ ಮನೆಗಳ ಹೆಂಗಸರೆಲ್ಲ ಕೌದಿ ಹೊದ್ದು ಹಿತ್ತಲಿನ ಗೋಡೆಗೆ ಆತು ಬಿಸಿಲು ಕಾಯುತ್ತಿದ್ದರು. ರಾತ್ರಿಯಿಡೀ ತಗಡು ಕೊರೆದಿತ್ತು, ನಸುಕಿಗೆ ಇಬ್ಬನಿ ಒಳಗೇ ತೊಟ್ಟಿಕ್ಕಿತ್ತು; ಆದರೆ ಗಂಡಸರ ಸುಧಾರಣೆಗೆ ಅಪಮಾನವಾದೀತೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಹಲ್ಲು ಮಾತ್ರ ಕಟಕಟ ಎನ್ನುತ್ತಿದ್ದವು.

ಸಲಿಕೆಯ ಸದ್ದಿಗೆ ವೀರಪ್ಪ ಹೊರಗೆ ಬಂದ. "ಅಕ್ಕಾ, ಏನಿದು?"

"ಮುಯ್ಯಿ ಬಿಟ್ಟಿ, ಬಿಡು. ನಾ ಹೊತ್ತ ಮಣ್ಣು ನನಗ ಕೊಡು."

"ಇದರಾಗ ನಿಂದ್ಯಾವುದು? ಹೆಸರ ಬರದೈತೇನು?"

ಬಾಳವ್ವ ಸೆರಗನ್ನು ಶಲ್ಯದಂತೆ ಹೆಗಲಿಗೆ ಎಸೆದಳು, ಗಲ್ಲ ಎತ್ತಿದಳು, ಅವನದೇ ಮೂಗಿನ ದನಿ ತೆಗೆದಳು: "ಅಕ್ಕಾ, ಮುಯ್ಯಿ ಅಂದ್ರ ಕೊಟ್ಟು ತೊಗೊಳ್ಳೂದು. ಸುಧಾರಣಾ, ಅಕ್ಕಾ, ಸುಧಾರಣಾ." ಗೋಡೆಯ ಬುಡದಿಂದ ನಗು ಉಕ್ಕಿತು. ಕೂಡಲೇ ದನಿ ತನ್ನದಾಯಿತು. "ನಿನ್ನ ಮಗ ಹುಟ್ಟಿದಾಗ ಈ ಮಣ್ಣಿನ ಕೆಳಗ ಬೆಚ್ಚಗ ಮಲಗಿದ್ದ. ನನ್ನ ಮೊಮ್ಮಗು ಬಯಲಾಗ ಮಲಗಬೇಕೇನು? ನನ್ನ ತಲಿ ಮ್ಯಾಲಿಂದ ಬಂದ ಮಣ್ಣಿನ ಮ್ಯಾಲ ಕುಂತು ನೀ ಶರಣಾರ್ಥಿ ಹೊಡಿಸ್ಕೋತಿ?"

ಬುಟ್ಟಿ ತುಂಬಿತು. ಎತ್ತಿ ಹೊರಿಸಲು ಒಂದು ಕೈ ಬೇಕಾಗಿತ್ತು. ವೀರಪ್ಪನ ಹೆಂಡತಿ ಚನ್ನವ್ವ ಕೌದಿ ಕೆಳಗಿಟ್ಟು ಎದ್ದು ಬಂದಳು. ಬುಟ್ಟಿ ಹೊರಿಸಿದಳು. ತಾನೂ ಒಂದು ಬುಟ್ಟಿ ತಂದಳು.

"ಏ, ನೀ ಯಾರ ಮನಿಯಾಕಿ?" ಎಂದ ವೀರಪ್ಪ.

"ನಿಮ್ಮ ತಗಡಿನ ಮನಿಯಾಕೀನ್ರಿ. ಅದಕ್ಕ ಹೊರಾಕತ್ತೇನಿ, ಮೈಯಾದ್ರೂ ಬೆಚ್ಚಗ ಆಕ್ಕೈತಿ."

ಆಮೇಲೆ ಗೋಡೆಯ ಬುಡದಲ್ಲಿ ಬರೀ ಕೌದಿಗಳು ಉಳಿದವು. ಬಾಳವ್ವನ ಮಾಳಿಗೆಯ ಮೇಲೆ ಹೆಂಗಸರು ಸಾಲಾಗಿ ನಿಂತು ಮಣ್ಣು ತುಳಿದರು. ಮೂಡಲಗಿ ಸಂತೆಗೆ ಹೊರಟಿದ್ದ ಬಂಡಿಯನ್ನು ಬಾಳವ್ವ ಮೇಲಿಂದಲೇ ತಡೆದು, "ಮ್ಯಾಳಗಿ ಬಿಗಿ ಆಗೈತಿ, ಮಗಳನ್ನ ಕರಿಯಾಕ ಬರ್ತೇನಿ ಅಂತ ನಮ್ಮ ಬೀಗತಿಗೆ ಹೇಳ್ರಿ" ಎಂದಳು.

ವೀರಪ್ಪನ ಹಿತ್ತಲಿನಲ್ಲಿ ಕೊನೆಗೆ ಎರಡು ಬುಟ್ಟಿಯಷ್ಟು ಮಣ್ಣು ಉಳಿಯಿತು. ಚನ್ನವ್ವ ಅದನ್ನೂ ಬಳಿಯಲು ಬಗ್ಗಿದಳು. ಬಾಳವ್ವ ಬಿಡಲಿಲ್ಲ. ಅವಳ ಮುಖದ ಗಂಟು ಇನ್ನೂ ಸಡಿಲಾಗಿರಲಿಲ್ಲ.

"ಅದು ಇರ್ಲಿ ತಂಗಿ. ಅದು ನಿನ್ನ ಗಂಡ ಹೊತ್ತದ್ದು. ಬ್ಯಾರೇದವರ ಮಣ್ಣು ನನಗ್ಯಾಕ?"