ಎಫುವಾಳ ಕೋಣೆಗೆ ಬಾಡಿಗೆ

ಐವತ್ತಾರನೆಯ ವಯಸ್ಸಿನಲ್ಲಿ ಎಫುವಾ ಮದುವೆಯಾಗಿ ದೂರದ ಕುಮಾಸಿ ಪಟ್ಟಣಕ್ಕೆ ಹೊರಟುಹೋದಳು. ಸೆಕೊಂಡಿಯ ಜನ ಒಂದು ವಾರ ಅದನ್ನೇ ಆಡಿಕೊಂಡು ನಕ್ಕು ಮರೆತರು. ಅವಳ ಅಕ್ಕ ಅರಾಬಾಗೆ ಮಾತ್ರ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ತಂಗಿ ತೀರಿಕೊಂಡಿದ್ದರೆ ನಾಲ್ಕು ಜನ ಬಂದು ಕೂತು ಸಮಾಧಾನ ಹೇಳುತ್ತಿದ್ದರು. ಮದುವೆಗೆ ಯಾರು ಸಮಾಧಾನ ಹೇಳುತ್ತಾರೆ?

ಅಕ್ಕತಂಗಿಯರದು ಅಪ್ಪ ರೈಲ್ವೆಯಲ್ಲಿದ್ದಾಗ ಕಟ್ಟಿಸಿದ ಮನೆ. ಅಂಗಳದ ಈಚೆ ಅರಾಬಾಳ ಕೋಣೆ, ಆಚೆ ಎಫುವಾಳದು. ಮೂವತ್ತು ವರ್ಷ ಇಬ್ಬರೂ ಆ ಅಂಗಳದಲ್ಲೇ ಮಾತಾಡಿಕೊಂಡು ಬಟ್ಟೆ ಒಗೆದಿದ್ದರು, ಮೀನು ಕರಿದಿದ್ದರು, ಜಗಳವಾಡಿದ್ದರು. ಈಗ ಮೆಕ್ಕೆಜೋಳದ ಹಿಟ್ಟಿನ ಕೆಂಕೆ ಕೊಳ್ಳಲು ಹೋದರೆ ಅರಾಬಾಳ ಕೈ ತಾನಾಗಿಯೇ ಎರಡು ಉಂಡೆ ಎತ್ತಿಕೊಳ್ಳುತ್ತಿತ್ತು. ಒಂದನ್ನು ಮತ್ತೆ ಬುಟ್ಟಿಗೆ ಹಾಕುತ್ತಿದ್ದಳು.

ಎಂಟು ತಿಂಗಳು ಹೀಗೇ ಕಳೆದ ಮೇಲೆ ಆ ಕೋಣೆಯನ್ನು ಬಾಡಿಗೆಗೆ ಕೊಡುವ ಮನಸ್ಸು ಮಾಡಿದಳು. ಎಷ್ಟು ಕೇಳಬೇಕೆಂಬುದು ಮಾತ್ರ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಬಾಡಿಗೆ ಕೊಟ್ಟವಳೂ ಅಲ್ಲ, ಪಡೆದವಳೂ ಅಲ್ಲ. ಬೀದಿಯ ಕೊನೆಯಲ್ಲಿದ್ದ ಮನೆ ದಲ್ಲಾಳಿ ಪೈನ್ಸಿಲ್‌ನನ್ನು ಕೇಳಿದಳು.

"ತಿಂಗಳಿಗೆ ಮುನ್ನೂರು ಸೆಡಿ ಹೇಳಕ್ಕ. ವರ್ಷದ್ದು ಮುಂಗಡ."

"ಮುನ್ನೂರಾ? ಆ ಕೋಣೇಲಿ ಇರೋದು ಒಂದೇ ಕಿಟಕಿ ಕಣಪ್ಪ."

"ಕಿಟಕಿ ನೀನ್ಯಾಕೆ ಎಣಿಸ್ತೀಯ? ಬಂದೋರು ಎಣಿಸ್ಕೋತಾರೆ ಬಿಡು."

ಮೊದಲು ಬಂದವಳು ಅಡ್ವೋವಾ. ಹೊಸದಾಗಿ ವರ್ಗವಾಗಿ ಬಂದಿದ್ದ ಶಾಲೆಯ ಟೀಚರು, ಜೊತೆಗೆ ಮೂರು ವರ್ಷದ ಮಗಳು. ಮಗು ಅರಾಬಾ ಕೊಟ್ಟ ಕರಿದ ಬಾಳೆಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದ ತುಂಬ ಓಡಾಡಿತು. ತಾಯಿ ಏನನ್ನೋ ಗುನುಗುತ್ತ ಗೋಡೆ, ಬಾಗಿಲು, ನಲ್ಲಿ ಎಲ್ಲ ನೋಡಿದಳು. ಆ ಗುನುಗು ಕೇಳುತ್ತಿದ್ದಂತೆ ಅರಾಬಾಗೆ ಮುನ್ನೂರು ಎನ್ನಲು ಬಾಯಿಯೇ ಬರಲಿಲ್ಲ. ಹೆಚ್ಚು ಹೇಳಿದರೆ ಹೊರಟುಹೋದಾಳು ಎನ್ನಿಸಿತು.

"ನೂರು ಕೊಡಮ್ಮ, ಸಾಕು. ಮುಂಗಡಾನೂ ಬೇಡ."

ಗುನುಗು ನಿಂತುಹೋಯಿತು. ಅಡ್ವೋವಾ ತಲೆಯೆತ್ತಿ ಸೂರನ್ನು ನೋಡಿದಳು. ಆಮೇಲೆ ಮೂಲೆಗಳನ್ನು ನೋಡಿದಳು.

"ಇಲ್ಲಿ ಮುಂಚೆ ಯಾರಿದ್ರು ಆಂಟಿ?"

"ನನ್ನ ತಂಗಿ."

"ಈಗ?"

"ಹೋದ್ಲು," ಎಂದಳು ಅರಾಬಾ.

"ಅಯ್ಯೋ. ಈ ಕೋಣೇಲೇನಾ?"

"ಸತ್ತಿಲ್ಲಮ್ಮ. ಮದುವೆಯಾಗಿ ಹೋದ್ಲು."

"ಎಷ್ಟು ವಯಸ್ಸು ಅವರಿಗೆ?"

"ಐವತ್ತಾರು."

ಅಡ್ವೋವಾ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. "ನಾಳೆ ಬಂದು ಹೇಳ್ತೀನಿ ಆಂಟಿ," ಎಂದವಳು ಬರಲಿಲ್ಲ. ಬೇರೆಲ್ಲೋ ನೀರೂ ಇಲ್ಲದ ಕೋಣೆಗೆ ಇನ್ನೂರ ಎಂಬತ್ತು ಕೊಟ್ಟು ಸೇರಿಕೊಂಡಳೆಂದು ವಾರದ ಮೇಲೆ ಪೈನ್ಸಿಲ್ ಬಂದು ಹೇಳಿದ.

"ನೂರು ಅಂದ್ಯಂತಲ್ಲಕ್ಕ. ಅಷ್ಟು ಅಗ್ಗ ಅಂದ್ರೆ ಜನ ಹೆದರದೆ ಇನ್ನೇನು? ನಿನ್ನ ಕೋಣೇಲಿ ಏನೋ ಇದೆ ಅಂತ ಈಗ ಊರೆಲ್ಲ ಮಾತು."

ಏನೂ ಇಲ್ಲ, ಯಾರೂ ಇಲ್ಲ, ಅದಕ್ಕೇ ನೂರು ಅಂದೆ ಎಂದು ಅರಾಬಾಗೆ ಹೇಳಬೇಕೆನಿಸಿತು. ಬದಲಿಗೆ ಅವನಿಗೆ ಕುಡಿಯಲು ನೀರು ಕೊಟ್ಟಳು.

ಮಳೆಗಾಲ ಮುಗಿದ ಮೇಲೆ ಬೊವಾಚಿ ಎಂಬ ವ್ಯಾಪಾರಿಯನ್ನು ಪೈನ್ಸಿಲ್ ಕರೆತಂದ. ಈ ಸಲ ಅರಾಬಾ ನೆಲ ನೋಡಿಕೊಂಡು ಮುನ್ನೂರ ಐವತ್ತು ಎಂದಳು. ಆತ ಕೋಣೆಯ ಉದ್ದಗಲ ಹೆಜ್ಜೆಯಲ್ಲಿ ಅಳೆದು, ವರ್ಷದ ಬಾಡಿಗೆ ಕೈಗಿಟ್ಟು, ಸೋಮವಾರ ಬರುತ್ತೇನೆಂದು ಹೋದ. ಭಾನುವಾರ ಅವಳು ಕೋಣೆ ತೊಳೆದು ಕಿಟಕಿಗೆ ಪರದೆ ಕಟ್ಟಿದಳು. ಸೋಮವಾರ ಇಬ್ಬರಿಗಾಗುವಷ್ಟು ಮೀನಿನ ಸಾರು ಮಾಡಿಟ್ಟಳು.

ಬಂದದ್ದು ಲಾರಿ. ಅದರ ತುಂಬ ಹಳೆಯ ಫ್ರಿಜ್‌ಗಳು. ಆಳುಗಳು ಅವನ್ನು ಸೂರಿನವರೆಗೂ ಒಂದರ ಮೇಲೊಂದು ಪೇರಿಸಿದರು. ಕಿಟಕಿ ಮುಚ್ಚಿಹೋಯಿತು.

"ನೀನು ಮಲಗೋದೆಲ್ಲಪ್ಪ?" ಎಂದಳು ಅರಾಬಾ.

"ನಾನಾ? ನನ್ನ ಮನೆ ಟಾಕೊರಾಡಿಲಿದೆಯಲ್ಲಮ್ಮ," ಎಂದು ಬೊವಾಚಿ ಬಾಗಿಲಿಗೆ ಎರಡು ಬೀಗ ಜಡಿದ. ಸಾರು ಅವಳಿಗೆ ಬುಧವಾರದವರೆಗೂ ಆಯಿತು.

ವರ್ಷ ತುಂಬಿತು. ತಿಂಗಳಿಗೊಮ್ಮೆ ಬೀಗ ತೆಗೆದು, ಎರಡು ಫ್ರಿಜ್ ಹೊತ್ತುಕೊಂಡು ಹೋಗುತ್ತಿದ್ದ ಬೊವಾಚಿ ಬಾಡಿಗೆ ಮುಂದುವರಿಸಲು ಬಂದ. ಅರಾಬಾ ಹದಿನೈದು ದಿನದಿಂದ ಮಾತು ಸಿದ್ಧ ಮಾಡಿಕೊಂಡಿದ್ದಳು.

"ಸಾಮಾನು ಇಡೋದಾದ್ರೆ ಆರುನೂರು. ನಿಮ್ಮ ಕಡೆಯೋರು ಯಾರಾದ್ರೂ ಬಂದು ಇರೋದಾದ್ರೆ ನೂರೈವತ್ತು ಸಾಕು."

ಆರುನೂರು ಕೇಳಿದರೆ ಬೈದು ಜಾಗ ಖಾಲಿ ಮಾಡುತ್ತಾನೆ ಎಂದುಕೊಂಡಿದ್ದಳು. ಬೊವಾಚಿ ನಕ್ಕ. "ಇರೋಕೆ ಜನಾನ ನಾನೆಲ್ಲಿಂದ ತರ್ಲಿ? ಆರುನೂರೇ ಆಗ್ಲಿ ಬಿಡಮ್ಮ."

ಚೌಕಾಸಿಯನ್ನೂ ಮಾಡಲಿಲ್ಲ. ಮಾಡಿದ್ದರೆ ಇನ್ನಷ್ಟು ಹೊತ್ತು ಕೂತಿರುತ್ತಿದ್ದ.

ಸಂಜೆ ಎಫುವಾಗೆ ಫೋನ್ ಮಾಡಿದಳು.

"ಆರುನೂರಾ? ಅಕ್ಕ, ನೀನು ಭಾರಿ ಘಾಟಿ ಆಗೋದೆ," ಎಂದು ಎಫುವಾ ನಕ್ಕಳು. "ಬಾಡಿಗೆಯೋರು ಒಳ್ಳೇವ್ರಾ?"

"ಹೂಂ. ಗಲಾಟೆ ಅನ್ನೋದೇ ಇಲ್ಲ."

"ಅದೊಂದು ಪುಣ್ಯ. ನಿಂಗೆ ಜೊತೆಯಾಯ್ತಲ್ಲ." ಆ ಕಡೆಯಿಂದ ಗಂಡಸಿನ ದನಿ ಕೇಳಿಸಿತು. "ಇರು, ಇವರು ಊಟಕ್ಕೆ ಕರೀತಿದಾರೆ. ನಾಳೆ ಮಾಡ್ತೀನಿ."

ಅರಾಬಾ ಬೆಳಕಿರುವಾಗಲೇ ಹೊರಬಾಗಿಲಿನ ಅಗುಳಿ ಹಾಕಿ ಒಳಗೆ ಹೋದಳು.