ತಿದಿ ಹಿಡಿದ ಕೈ

ಐವತ್ತೊಂಬತ್ತನೇ ಇಸವಿಯಲ್ಲಿ ಮೈಸೂರಿನ ಪುರಸಭೆಯವರು ಚಿಕ್ಕಯ್ಯನಿಗೆ ಶೆಡ್ಡು ಕೊಟ್ಟರು, ಕರೆಂಟು ಕೊಟ್ಟರು, ಕುಲುಮೆಗೆ ಗಾಳಿ ಊದುವ ಮೋಟಾರನ್ನೂ ಕೊಟ್ಟರು. ಬದಲಿಗೆ ಕೇಳಿದ್ದು ಸರಸ್ವತಿಪುರಂನ ಹೊಸ ಬೀದಿಗಳಿಗೆ ಸೋರದ ಹಿತ್ತಾಳೆ ನಲ್ಲಿ. ಮಾದರಿ ನಲ್ಲಿ ಪಾಸಾದರೆ ಗುತ್ತಿಗೆ ಅವನದು. ಆಗದಿದ್ದರೆ ಶೆಡ್ಡೂ ವಾಪಸ್ಸು, ಮೋಟಾರೂ ವಾಪಸ್ಸು.

ಗಂಟೆ, ಕೊಳಗ, ಚೆಂಬು ಎರಕ ಹೊಯ್ದು ಬದುಕಿದ ಮನೆತನ. ಚಿಕ್ಕಯ್ಯ ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ಅಂಥವನು ಪುರಸಭೆಯ ಮೆಟ್ಟಿಲು ಸವೆಸಿದ್ದು ಮಗಳು ಮಂಗಳಮ್ಮನಿಗಾಗಿ. ಅವನ ಹೆಂಡತಿ ಚಾಮುಂಡಮ್ಮ ಮದುವೆಯಾಗಿ ಬಂದಾಗಿನಿಂದ ಹಳೆಯ ಕುಲುಮೆಯಲ್ಲಿ ಗಾಳಿ ಊದುವ ಚರ್ಮದ ತಿದಿ ಒತ್ತಿದವಳು. ಹೊಗೆ ಕುಡಿದು ಕುಡಿದು ಎದೆ ಬತ್ತಿಹೋಗಿತ್ತು. ಒಂದು ಮಧ್ಯಾಹ್ನ, ಲೋಹ ಇನ್ನೂ ಮೂಸೆಯಲ್ಲಿ ಕುದಿಯುತ್ತಿರುವಾಗಲೇ, ತಿದಿಯ ಕೋಲು ಹಿಡಿದಂತೆಯೇ ಪಕ್ಕಕ್ಕೆ ವಾಲಿ ಸತ್ತಳು. ಆ ಕೋಲು ಮಗಳ ಕೈಗೆ ಹೋಗಬಾರದೆಂದು ಚಿಕ್ಕಯ್ಯ ಹಟ ಹಿಡಿದ. ಮೋಟಾರು ಬಂದದ್ದು ಹಾಗೆ.

ಮೊದಲ ಎರಕದ ದಿನ ಅಳಿಯ ಅಶ್ವತ್ಥ ಮೋಟಾರು ಹಾಕಿದ. ಕುಲುಮೆ ಭೋರೆಂದಿತು. ಹಿತ್ತಾಳೆ ಕರಗಿ ಹೊಳೆಯಿತು. ಚಿಕ್ಕಯ್ಯ ಇಕ್ಕಳ ಹಿಡಿದು ನಿಂತ. ಅಶ್ವತ್ಥ ಮೋಟಾರು ಆರಿಸಿದ.

ಆಗ ಚಿಕ್ಕಯ್ಯನಿಗೆ ಕೇಳಿಸಿತು. ಚರ್ಮದ ತಿದಿ ಉಬ್ಬಿ ತಗ್ಗುವ ಸದ್ದು. ನಡುವೆ ಒಂದು ಸಣ್ಣ ಕೆಮ್ಮು.

“ಎತ್ತಿ ಮಾವ!” ಎಂದ ಅಶ್ವತ್ಥ.

ಚಿಕ್ಕಯ್ಯ ಕದಲಲಿಲ್ಲ. ತಿದಿ ಆಡುತ್ತಿರುವಾಗ ಮೂಸೆ ಎತ್ತುವುದು ಅವನ ವಂಶದಲ್ಲೇ ಇಲ್ಲ; ಕೆಂಡ ಸಿಡಿದು ಕಣ್ಣು ಹೋಗುತ್ತದೆ. ತಿದಿ ಒತ್ತುವವರೇ ಉರಿಯ ಬಣ್ಣ ನೋಡಿ ಕೈ ನಿಲ್ಲಿಸಬೇಕು. ಆ ನಿಶ್ಶಬ್ದವೇ ಎರಕದವನಿಗೆ ಅಪ್ಪಣೆ.

“ನಿಲ್ಲಲಿ ತಡಿಯೋ.”

“ನಿಲ್ಸಾಯ್ತಲ್ಲ ಮಾವ! ಇನ್ನೇನ್ ನಿಲ್ಬೇಕು?”

ಲೋಹ ಮಂಕಾಯಿತು. ಮತ್ತೆ ಮೋಟಾರು ಹಾಕಿದರು, ಮತ್ತೆ ಆರಿಸಿದರು. ತಿದಿ ನಿಲ್ಲಲಿಲ್ಲ. ಹಿತ್ತಾಳೆಯೊಳಗಿನ ಸತು ಉರಿದು, ಬಿಳಿ ಹೊಗೆ ಅರಳೆಯ ಎಳೆಗಳಂತೆ ಶೆಡ್ಡಿನ ತುಂಬ ತೇಲಿತು. ಕೊನೆಗೆ ಅಶ್ವತ್ಥನೇ ಇಕ್ಕಳ ಕಿತ್ತುಕೊಂಡು ಅಚ್ಚಿಗೆ ಹೊಯ್ದ. ಪುರಸಭೆಯ ಎಂಜಿನಿಯರು ಪ್ರಭುಸ್ವಾಮಿ ನೀರು ಹಾಯಿಸಿ ನೋಡಿದರೆ ನಲ್ಲಿಗಳ ಮೈಯೆಲ್ಲ ಬೆವರು.

“ಏನ್ ಚಿಕ್ಕಯ್ಯನವ್ರೇ, ನಲ್ಲಿ ಕೇಳಿದ್ರೆ ಜರಡಿ ಕೊಟ್ರಲ್ಲ! ಶುಕ್ರವಾರ ನಾನೇ ಬಂದು ಮುಂದೆ ಕೂತ್ಕೋತೀನಿ. ಅವತ್ತೂ ಹಿಂಗೇ ಆದ್ರೆ ಶೆಡ್ಡು ಬೇರೆಯವ್ರಿಗೆ. ಆಮೇಲೆ ನನ್ನ ಬಯ್ಬೇಡಿ.”

ಮನೆಯಲ್ಲಿ ಮುದ್ದೆ ಮುರಿಯದೆ ಕೂತ ಅಪ್ಪನನ್ನು ಮಂಗಳಮ್ಮ ಬಿಡಲಿಲ್ಲ.

“ಏನ್ ಕೇಳುಸ್ತು ಹೇಳಪ್ಪಯ್ಯ.”

“ನಿಮ್ಮವ್ವ. ಇನ್ನೂ ಒತ್ತುತಾವ್ಳೆ.”

ಮಗಳು ನಗಲಿಲ್ಲ. ಅವಳಿಗೂ ಗೊತ್ತಿತ್ತು. ಎರಕ ಮುಗಿಯುವ ಮೊದಲು ತಿದಿಯ ಕೋಲು ಬಿಟ್ಟು ಏಳುವಂತಿರಲಿಲ್ಲ ಆ ಮನೆಯಲ್ಲಿ. ಇನ್ನೊಬ್ಬರು ಬಂದು, ‘ಕೊಡು, ನಾನು ಹಿಡೀತೀನಿ’ ಎಂದು ಕೈ ಹಾಕಿದ ಮೇಲೆಯೇ ಮೊದಲಿನವರಿಗೆ ಬಿಡುಗಡೆ. ಚಾಮುಂಡಮ್ಮನಿಂದ ಯಾರೂ ಕೋಲು ಇಸಿದುಕೊಂಡಿರಲಿಲ್ಲ. ಹೆಣ ಎತ್ತಿದರು, ತಿದಿ ಬಿಚ್ಚಿ ಬಿಸಾಡಿದರು, ಮೋಟಾರು ತಂದು ಕೂರಿಸಿದರು.

“ನಾನು ಇಸ್ಕೋತೀನಿ ಬುಡು. ಒಂದು ಮಾತು ತಾನೆ?”

“ಹಲ್ಲು ಉದುರ್ಸ್ಬುಡ್ತೀನಿ, ಆ ಕಡೆ ತಲೆ ಹಾಕಿದ್ರೆ!” ಚಿಕ್ಕಯ್ಯ ತಟ್ಟೆ ತಳ್ಳಿ ಎದ್ದ. “ಸತ್ತೋಳ ಕೈಯಿಂದ ಇಸ್ಕೊಂಡ್ರೆ, ಆಮೇಲೆ ನಿನ್ನ ಕೈಯಿಂದ ಯಾರೇ ಇಸ್ಕೋತಾರೆ?”

ಶುಕ್ರವಾರ ಪ್ರಭುಸ್ವಾಮಿ ಮೂಗಿಗೆ ಕರವಸ್ತ್ರ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಹಿತ್ತಾಳೆ ಕರಗಿತು. ಮೋಟಾರು ಆರಿತು. ತಿದಿಯ ಸದ್ದು ಈ ಸಲ ಇನ್ನೂ ಹತ್ತಿರದಿಂದ ಬಂತು. ಕೆಮ್ಮು ಕಿವಿಯ ಬುಡದಲ್ಲೇ ಆದಂತಾಯಿತು.

ಚಿಕ್ಕಯ್ಯ ಇಕ್ಕಳವನ್ನು ಅಳಿಯನ ಕೈಗೆ ತುರುಕಿದ. ಮೋಟಾರಿನ ಪಕ್ಕದ ಬರಿಯ ನೆಲದಲ್ಲಿ ಕುಕ್ಕರಿಸಿ ಎರಡೂ ಕೈ ಚಾಚಿದ.

“ಕೊಡೇ ಇತ್ತ. ನಾನು ಹಿಡೀತೀನಿ.”

ಅಂಗೈ ಭಾರವಾಯಿತು. ಬೆವರಿನಿಂದ ಜಿಡ್ಡುಗಟ್ಟಿದ, ಬೆಚ್ಚನೆಯ ಮರ. ಎರಕದವನಾಗಿ ಹುಟ್ಟಿದವನು ತಿದಿ ಮುಟ್ಟಿದ್ದೇ ಇಲ್ಲ. ಸ್ವಲ್ಪ ಒತ್ತುವುದರೊಳಗೆ ಎದೆ ಹಿಡಿದುಕೊಂಡಿತು. ಇಷ್ಟು ವರ್ಷ ಅವಳು ಇದನ್ನು ಹೇಗೆ ಒತ್ತಿದಳು?

“ಏನ್ರೀ ಇದು, ಬರೀ ಗಾಳಿ ಒತ್ತುತಿದಾರೆ!” ಎಂದು ಪ್ರಭುಸ್ವಾಮಿ ಎದ್ದರು. ಅಷ್ಟರಲ್ಲಿ, ಮೋಟಾರು ಆರಿದ್ದರೂ, ಕುಲುಮೆಯ ಕೆಂಡ ನಿಗಿನಿಗಿ ಎಂದಿತು. ಅವರು ಮತ್ತೆ ಕೂತರು.

ಉರಿಯ ಅಂಚು ಹಸಿರಾಯಿತು. ಚಿಕ್ಕಯ್ಯ ಕೈ ನಿಲ್ಲಿಸಿದ. ಶೆಡ್ಡಿನಲ್ಲಿ ಸದ್ದೇ ಇಲ್ಲ, ಕೆಮ್ಮೂ ಇಲ್ಲ.

“ಎತ್ತೋ!”

ಅಶ್ವತ್ಥ ಎತ್ತಿದ, ಹೊಯ್ದ. ನಲ್ಲಿಗಳು ಒಂದು ಹನಿಯೂ ಸೋರಲಿಲ್ಲ.

ಗುತ್ತಿಗೆ ಬಂತು. ಪುರಸಭೆಯವರು ಪಕ್ಕದ ಶೆಡ್ಡನ್ನೂ ಕೊಟ್ಟರು, ಎರಡನೆಯ ಕುಲುಮೆ ಬಂತು, ಬೋಗಾದಿಯಿಂದ ಆಳುಗಳು ಸೈಕಲ್ಲಿನಲ್ಲಿ ಬರತೊಡಗಿದರು. ಯಜಮಾನಿಕೆ ಅಳಿಯನದಾಯಿತು. ಚಿಕ್ಕಯ್ಯ ಮತ್ತೆ ಇಕ್ಕಳ ಹಿಡಿಯಲಿಲ್ಲ. ಮೋಟಾರು ಹಾಕಿದಾಗಲೆಲ್ಲ ಅದರ ಪಕ್ಕ ಕುಕ್ಕರಿಸಿ ಗಾಳಿಯನ್ನು ಒತ್ತುತ್ತಿದ್ದ. ಹೊಸ ಆಳುಗಳು ಮೊದಮೊದಲು ಮುಸಿಮುಸಿ ನಗುತ್ತಿದ್ದರು. ಮೋಟಾರಿನ ಬಳಿ ಹೊಗೆಯೇ ಸುಳಿಯದಿದ್ದರೂ ಅವನು ಕಪ್ಪು ಕಫ ಉಗುಳುವುದನ್ನು ಕಂಡ ಮೇಲೆ ನಗು ನಿಂತಿತು.

ಒಂದು ದಿನ ಬುತ್ತಿ ತಂದ ಮಂಗಳಮ್ಮನಿಗೆ ನೋಡಲಾಗಲಿಲ್ಲ. ಹತ್ತಿರ ಬಂದು ಬಗ್ಗಿ ಕೈ ಚಾಚಿದಳು.

“ಸಾಕಪ್ಪಯ್ಯ. ಕೊ...”

“ಬಾಯಿ ಮುಚ್ಚೇ! ಮುಟ್ಬೇಡ!” ಎಂದು ಕಿರುಚಿದ. “ಆಚೆ ನಡಿ! ನಡಿ ಅಂದೆ!”

ಅವಳು ಬುತ್ತಿ ಅಲ್ಲೇ ಇಟ್ಟು ಹೊರಗೆ ಓಡಿದಳು. ಚಿಕ್ಕಯ್ಯ ಕೈ ನಿಲ್ಲಿಸದೆ, ಕೆಮ್ಮುತ್ತ, ಮಗಳು ಗೇಟು ದಾಟುವವರೆಗೂ ಬಾಗಿಲನ್ನೇ ನೋಡುತ್ತಿದ್ದ.