ಹರಿಗೋಲಿನಲ್ಲಿ ಮೂರು ಕೊಡ

ಬೇವೂರಿನ ಹುಲಗೆಮ್ಮನಿಗೆ ಹೊಳೆಯೆಂದರೆ ಜೀವಭಯ. ಅಂಥವಳೇ ಮಗಳು ಶಾಂತಾಳನ್ನು ಹೊಳೆಯ ನಡುವಿನ ಗಡ್ಡೆಯ ಊರಿಗೆ ಕೊಟ್ಟಿದ್ದಳು. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಕೊಡ ಹೊತ್ತು ಹೊತ್ತು ನನ್ನ ನಡಾ ಸವದೈತಿ. ನನ್ನ ಮಗಳರ ಮನಿ ಮುಂದ ನೀರು ನೋಡಲಿ." ಕೊಟ್ಟದ್ದೇನೋ ಕೊಟ್ಟಳು, ಅಂದಿನಿಂದ ಕಣ್ಣಿಗೆ ನಿದ್ದೆಯಿಲ್ಲ.

ಎಂಬತ್ತನೇ ಇಸವಿಯ ಶ್ರಾವಣದಲ್ಲಿ, ಬಾಣಂತನ ಮುಗಿಸಿದ ಶಾಂತಾಳನ್ನು ಗಂಡನ ಮನೆಗೆ ಕಳಿಸುವ ದಿನ ಬಂತು. ಐದು ತಿಂಗಳ ಹೆಣ್ಣುಕೂಸಿನ ಜೊತೆ ತವರಿನ ತೊಟ್ಟಿಲೂ ಹೋಗಬೇಕು, ಅದು ಪದ್ಧತಿ. ಹುಲಗೆಮ್ಮನ ಅಜ್ಜಿಯೂ ಮಲಗಿ ಅತ್ತಿದ್ದ ತೊಟ್ಟಿಲು ಅದು. ಟಿಪ್ಪುಸಾಬನ ಬಾಡಿಗೆ ಜೀಪಿಗೆ ಅದನ್ನು ಬಿಗಿದ ಮೇಲೆ ಅವಳು ಮೂರು ತಾಮ್ರದ ಕೊಡಗಳಲ್ಲಿ ನೀರು ತಂದಿಟ್ಟಳು.

"ಹೊಳಿಗೆ ಹೊಂಟೀವಿ, ನೀರ್ಯಾಕ ಬೇಕವ್ವಾ?" ಎಂದು ಟಿಪ್ಪುಸಾಬ ನಕ್ಕ.

"ಹೊಳಿ ಮುಟ್ಟೋತನಕ ನಿನ್ನ ಜೀಪು ಕುಡಿಯಾಕ ಕೊಡತೈತೇನು?"

ಕುಡಿದದ್ದು ಜೀಪೇ. ನೆರಳಿಗೊಂದು ಮರವಿಲ್ಲದ ಬಯಲಿನಲ್ಲಿ ಧೂಳು ಮುಕ್ಕುತ್ತ ಓಡಿ, ಕೊಪ್ಪಳ ಇನ್ನೂ ದೂರವಿದ್ದಾಗಲೇ ಕುದಿದು ನಿಂತಿತು. ಟಿಪ್ಪುಸಾಬ ರೇಡಿಯೇಟರಿಗೆ ಒಂದು ಕೊಡ ಸುರಿದ, ಮುಂದೆ ಹೋಗಿ ಇನ್ನೊಂದು ಸುರಿದ. ಮೂರನೆಯದು ಅವರ ಗಂಟಲಿಗೆ ಸಾಲಲಿಲ್ಲ. ನೆಲಕ್ಕೆ ತುಳುಕಿದ ಒಂದೊಂದು ಹನಿಗೂ ಹುಲಗೆಮ್ಮನ ಹೊಟ್ಟೆ ಉರಿಯಿತು. ಒಂದು ತಂಬಿಗೆ ನೀರು ಉರುಳಿಸಿದ್ದಕ್ಕೆ ಚಿಕ್ಕ ಶಾಂತಾಳ ಬೆನ್ನಿಗೆ ಬಾರಿಸಿದ ತಾಯಿ ಅವಳು.

ಗಂಗಾವತಿ ದಾಟಿ ಹೊಳೆದಂಡೆಗೆ ಬಂದಾಗ ಹುಲಗೆಮ್ಮ ಜೀಪಿನ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಬೇವೂರಿನಲ್ಲಿ ಹನಿ ಬಿದ್ದಿಲ್ಲ, ಇಲ್ಲಿ ಎಲ್ಲಿಯದೋ ಮಳೆಯ ಕೆಂಪು ನೀರು ದಂಡೆಯನ್ನು ತಿನ್ನುತ್ತಿದೆ. ಅದರ ಮೇಲೆ ರೊಟ್ಟಿ ಬುಟ್ಟಿಯಂತೆ ಒಂದು ಹರಿಗೋಲು!

"ಇದು ನಮ್ಮ ಭಾರಾ ತಡೀತೈತೇನಪಾ?"

"ನಮ್ಮಪ್ಪನ ಕಾಲದಿಂದ ತಡದೈತಿ, ಯವ್ವಾ," ಎಂದ ಅಂಬಿಗ ಅಮರಪ್ಪ. ಅವಳ ಕೈಗೆ ಒಂದು ಡಬ್ಬಿ ಕೊಟ್ಟ. "ತಳದಾಗ ಒಂದೀಟು ಜಿನುಗತೈತಿ. ತುಂಬಿ ತುಂಬಿ ಹೊರಗ ಚೆಲ್ಲತಿರು."

ಟಿಪ್ಪುಸಾಬ ಜೀಪಿನ ಹತ್ತಿರವೇ ಉಳಿದ. ತಾಮ್ರದ ಕೊಡಗಳನ್ನು ಬಿಟ್ಟು ಹೋಗಲು ಹುಲಗೆಮ್ಮನ ಮನಸ್ಸು ಒಪ್ಪಲಿಲ್ಲ. ತೊಟ್ಟಿಲು, ಕೊಡಗಳು ಹರಿಗೋಲಿಗೆ ಏರಿದವು; ಕೂಸನ್ನು ಅವಚಿಕೊಂಡು ಶಾಂತಾ ಹತ್ತಿದಳು, ಹಿಂದೆಯೇ ಹುಲಗೆಮ್ಮ. ಅಮರಪ್ಪ ಮುಂದೆ ಕುಂತು ಹುಟ್ಟು ಹಾಕಿದ.

ಮೊದಲ ಡಬ್ಬಿ ತುಂಬಿ ಹೊರಕ್ಕೆ ಎತ್ತಿದ ಹುಲಗೆಮ್ಮನ ಕೈ ಅಲ್ಲೇ ನಿಂತಿತು. ಇಷ್ಟು ನೀರನ್ನು ಸುಮ್ಮನೆ ಚೆಲ್ಲುವುದೇ? ಪಕ್ಕದಲ್ಲಿ ಖಾಲಿ ಕೊಡ. ವಾಪಸು ಹೋಗುವಾಗ ಆ ಹಾಳು ಜೀಪು ಮತ್ತೆ ಕುಡಿಯದೆ ಬಿಡುತ್ತದೆಯೇ? ಜೀಪು ನಿಂತಿರುವುದೂ ಇದೇ ಹೊಳೆಯ ದಂಡೆಯಲ್ಲಿ ಎಂಬುದು ತಲೆಗೆ ಬರಲೇ ಇಲ್ಲ. ಕಂಡಲ್ಲಿ ತುಂಬಿಕೋ, ನಾಳೆಯನ್ನು ಕಂಡವರ್ಯಾರು, ಇದು ಬೇವೂರಿನ ಬುದ್ಧಿ. ಕೊಡಕ್ಕೇ ಸುರಿದಳು. ಮಗಳ ಕಣ್ಣು ಕೂಸಿನ ಮೇಲೆ, ಅಂಬಿಗನ ಕಣ್ಣು ಸುಳಿಯ ಮೇಲೆ. ಒಂದು ಕೊಡ ತುಂಬಿತು, ಎರಡನೆಯದು ತುಂಬಿತು, ಮೂರನೆಯದೂ ತುಂಬಿತು.

ನಡುಹೊಳೆಯಲ್ಲಿ ಅಮರಪ್ಪನ ಹುಟ್ಟು ಭಾರವಾಯಿತು.

"ಯವ್ವಾ, ಚೆಲ್ಲಾಕ ಹತ್ತೀಯಿಲ್ಲ?" ತಿರುಗದೆಯೇ ಕೂಗಿದ.

"ತಳಾ ಒಣಗೈತಪಾ!"

"ಹಂಗಾರ ಹರಿಗೋಲು ಯಾಕ ಇಳೀತೈತಿ?"

ಹುಲಗೆಮ್ಮ ಹೊರಗೆ ಬಗ್ಗಿ ನೋಡಿದಳು. ಅಂಚಿಗೂ ನೀರಿಗೂ ನಡುವೆ ಗೇಣೂ ಉಳಿದಿಲ್ಲ. ಒಂದು ಅಲೆ ಒಳಗೆ ಹಾರಿ ಕೂಸಿಗೆ ಹೊದಿಸಿದ್ದ ದುಪಟಿಯನ್ನು ತೋಯಿಸಿತು. ಕೂಸು ಕಿರುಚಿತು.

"ಭಾರ ಕಮ್ಮಿ ಮಾಡ್ರಿ! ಏನರ ಒಗೀರಿ, ಲಗೂ!"

ಹುಲಗೆಮ್ಮ ಹಿಂದೆಮುಂದೆ ನೋಡದೆ ತೊಟ್ಟಿಲಿಗೆ ಕೈ ಹಾಕಿ ಅಂಚಿಗೆ ಎತ್ತಿದಳು.

"ಅವ್ವಾ!" ಶಾಂತಾ ಚೀರಿದಳು. "ತೊಟ್ಟಿಲಾ ಒಗೀತೀಯಲ್ಲಾ! ನೀರು ಚೆಲ್ಲವ್ವಾ, ನೀರು!"

ಅಮರಪ್ಪ ಆಗ ತಿರುಗಿ ನೋಡಿದ. "ಹೊಳ್ಯಾಗ ಕುಂತು ನೀರು ತುಂಬಿಟ್ಟೀಯೇನ ಯವ್ವಾ!"

ಹುಲಗೆಮ್ಮ ಕೊಡಗಳನ್ನು ನೋಡಿದಳು, ಕೈಯಲ್ಲಿದ್ದ ತೊಟ್ಟಿಲನ್ನು ನೋಡಿದಳು. ಮಗಳಿಗೆ ನೀರಿನ ಸುಖ ಸಿಗಲೆಂದು ಹೊಳೆಗೆ ಸಂಬಂಧ ಬೆಳೆಸಿದವಳು, ಅದೇ ನೀರಿನಾಸೆಗೆ ಮಗಳನ್ನೂ ಕೂಸನ್ನೂ ಮುಳುಗಿಸುತ್ತಿದ್ದಳಲ್ಲ! ತೊಟ್ಟಿಲನ್ನು ಒಳಗಿಟ್ಟು ಮೊದಲ ಕೊಡವನ್ನು ಹೊಳೆಗೆ ಬೋರಲು ಹಾಕಿದಳು. ಎರಡನೆಯದನ್ನು ಹಾಕಿದಳು. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡಳು. ಹರಿಗೋಲು ನಿಧಾನಕ್ಕೆ ಮೇಲೆದ್ದಿತು.

ಗಡ್ಡೆಯಲ್ಲಿ ಕಾದಿದ್ದ ಅಳಿಯ ಹೇಮಪ್ಪ ತೊಟ್ಟಿಲನ್ನು ಹೆಗಲಿಗೇರಿಸಿದ. ಹುಲಗೆಮ್ಮ ದಂಡೆಯ ಉಸುಕಿನಲ್ಲೇ ಕುಂತಳು. ಕೂಸನ್ನು ಊರೊಳಗೆ ಒಯ್ಯುವ ಮೊದಲು ಶಾಂತಾ ಅದರ ಪಾದಗಳನ್ನು ಹೊಳೆಯಲ್ಲಿ ಅದ್ದಿದಳು. ತಣ್ಣಗಾಯಿತೋ ಏನೋ, ಕೂಸು ಎರಡೂ ಕಾಲಿನಿಂದ ಪಟಪಟನೆ ಒದೆಯಿತು. ನೀರು ಅಜ್ಜಿಯ ಮುಖಕ್ಕೆ, ಸೀರೆಗೆ, ಉಸುಕಿಗೆಲ್ಲ ಹಾರಿತು.

"ಏ, ಚೆಲ್ಲಬ್ಯಾ..." ಎಂದು ಗದರಲು ಹುಲಗೆಮ್ಮನ ನಾಲಿಗೆ ಎದ್ದೇಬಿಟ್ಟಿತು. ಶಾಂತಾ ಹೆದರಿ ತಾಯಿಯತ್ತ ನೋಡಿದಳು. ಹುಲಗೆಮ್ಮ ಮುಖ ಒರೆಸಿಕೊಳ್ಳಲಿಲ್ಲ. ಕೂಸಿನ ಹತ್ತಿರಕ್ಕೆ ಸರಿದು ಕುಂತಳು.

"ಚೆಲ್ಲು ನನ್ನವ್ವಾ," ಎಂದಳು, "ಇನ್ನೊಂದೀಟು ಚೆಲ್ಲು."